ಸೀತಾರಾಮಯ್ಯನವರು ಸಾಕ್ಷಿ ಹಾಕಿದ್ದು

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸೀತಾರಾಮಯ್ಯನವರ ಸಹಿ ನೋಡದವರು ಕಡಿಮೆ. ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ಹೋದ ಯುಗಾದಿಗೆ ನಿವೃತ್ತರಾದ ಈ ಮನುಷ್ಯನ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ, ಸಹಿ ಒಂದಿತ್ತು. ಮೊದಲ ಅಕ್ಷರ ಕಾಗದದ ಎಡ ಅಂಚಿನಲ್ಲಿ ಹುಟ್ಟಿ, ನಡುವೆ ಎರಡು ಸುತ್ತು ತಿರುಗಿ, ಬಲ ಅಂಚಿನಲ್ಲಿ ಮುಗಿದು, ಅಲ್ಲಿಂದ ಒಂದು ಗೆರೆ ಹಿಂದಕ್ಕೆ ಬಂದು, ಆ ಗೆರೆಯ ಕೆಳಗೆ ಎರಡು ಚುಕ್ಕಿ ಬೀಳುತ್ತಿದ್ದವು. ಚುಕ್ಕಿ ಯಾತಕ್ಕೆ ಎಂದು ಯಾರಾದರೂ ಕೇಳಿದರೆ, "ಕಳ್ಳಸಹಿ ಹಾಕೋನು ಒಂದು ಚುಕ್ಕಿ ಮರೆತೇ ಮರೀತಾನೆ" ಎನ್ನುತ್ತಿದ್ದರು. ಅವರ ಸಹಿಯನ್ನು ಕದ್ದು ಯಾರಿಗೆ ಏನು ಸಿಗಬೇಕಾಗಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಬೀದಿಯಲ್ಲಿ ಬಾಡಿಗೆ ಕರಾರಾಗಲಿ, ಮದುವೆ ನೋಂದಣಿಯಾಗಲಿ, ಸಾಕ್ಷಿ ಬೇಕಾದಾಗ ಕರೆ ಬರುತ್ತಿದ್ದುದು ಅವರಿಗೇ. ಅವರು ಯಾರಿಗೂ ಇಲ್ಲ ಎಂದವರಲ್ಲ. ಓದಿ ಹಾಕಿದವರೂ ಅಲ್ಲ. ಓದುತ್ತ ಕೂತರೆ ಎದುರಿಗಿರುವವರ ಮೇಲೆ ಅನುಮಾನಪಟ್ಟ ಹಾಗಾಗುತ್ತದೆ, ಅದು ಮರ್ಯಾದಸ್ಥರಿಗೆ ಒಪ್ಪುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಈ ಸಿದ್ಧಾಂತದ ಬಗ್ಗೆ ಅವರ ಹೆಂಡತಿ ಶಾರದಮ್ಮನವರಿಗೆ ಬೇರೆ ಅಭಿಪ್ರಾಯವಿತ್ತು, ಅದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ, ಶಾರದಮ್ಮನವರ ತವರಿನ ಪಕ್ಕದ ಮನೆ ಲಕ್ಷ್ಮೀದೇವಮ್ಮನವರ ಫೋನು ಬಂತು.

"ಶಾರದವ್ವ, ನಿಮ್ಮಪ್ಪನ ಬಾವಿ ಜಮೀನ್ನ ಯಾರೋ ಹೆಜ್ಜೆ ಹಾಕಿ ಅಳೀತಾವ್ರೆ ಕಣವ್ವ. ಕುಣಿಗಲ್ ಕಡೆಯೋರಂತೆ. ನಿನ್ ತಮ್ಮ ಮುಂದೆ ನಿಂತ್ಕಂಡು ಎಳನೀರು ಕೆತ್ತಿ ಕೊಡ್ತಾವ್ನೆ."

ಬಾವಿ ಜಮೀನೆಂದರೆ ಅರ್ಧ ಎಕರೆ, ಇಪ್ಪತ್ತೆರಡು ತೆಂಗಿನ ಮರ, ನಡುವೆ ಒಂದು ಕಲ್ಲುಕಟ್ಟಡದ ಬಾವಿ. ಶಾರದಮ್ಮನವರ ತಂದೆ ಸಾಯುವ ಮುಂಚೆ ನಾಲ್ಕು ಜನರ ಎದುರಿಗೆ, "ಬಾವಿ ಇರೋ ತುಂಡು ಶಾರದಂಗೆ, ಮಿಕ್ಕಿದ್ದು ವಿಜಿಗೆ" ಎಂದಿದ್ದರು. ಅಂದದ್ದಷ್ಟೇ, ಬರೆಸಿರಲಿಲ್ಲ. ಖಾತೆ ಪೂರ್ತಿ ತಮ್ಮ ವಿಜಯೀಂದ್ರನ ಹೆಸರಿಗೆ ಹೋಗಿತ್ತು. ಹನ್ನೊಂದು ವರ್ಷದಿಂದ ಶಾರದಮ್ಮನವರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ತಮ್ಮನ ಹತ್ತಿರ ಇದ್ದರೆ ತನ್ನ ಹತ್ತಿರ ಇದ್ದ ಹಾಗೆಯೇ ಎಂದುಕೊಂಡಿದ್ದರು. ಈಗ ಅವರು ತಮ್ಮನಿಗೆ ಫೋನು ಮಾಡಿದರು. ಅವನು ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ, ಬುಧವಾರವೂ ಎತ್ತಲಿಲ್ಲ.

ಬುಧವಾರ ಸಂಜೆ ಲಕ್ಷ್ಮೀದೇವಮ್ಮನವರು ಮತ್ತೆ ವರದಿ ಕೊಟ್ಟರು. "ನಿನ್ ತಮ್ಮ ಈಗ ಕ್ಷೌರ ಮಾಡಿಸ್ಕಂಡು ಬಂದ. ಬೂದುಬಣ್ಣದ ಶರ್ಟು ಇಸ್ತ್ರಿಗೆ ಹೋಗೈತೆ. ನಾಳೆ ಎಲ್ಲೋ ಫೋಟೋ ಹಿಡಿಸ್ಕಳಾಕೆ ಹೋಗ್ತಾವ್ನೆ ಅನ್ಸತ್ತೆ ನೋಡು."

ಫೋಟೋ ಎಂದರೆ ರಿಜಿಸ್ಟ್ರಿ ಎಂದು ಮನೆಮಂದಿಗೆಲ್ಲ ಅರ್ಥವಾಯಿತು. ಕೂಡಲೇ ಪಕ್ಕದ ಮನೆಯ ಹನುಮಂತರಾಜು ಅವರನ್ನು ಕರೆಸಲಾಯಿತು. ಅವರು ಸರ್ಕಾರಿ ಜೀಪಿನ ಡ್ರೈವರ್ ಆಗಿದ್ದವರು, ಹಿಂದೆ ಕೂತ ಸಾಹೇಬರುಗಳ ಮಾತು ಕೇಳಿ ಕೇಳಿ ತಾವೂ ಮುಕ್ಕಾಲು ಸಾಹೇಬರಾಗಿದ್ದರು.

"ಗುಬ್ಬಿ ಜಮೀನು ಗುಬ್ಬೀಲೇ ಆಗ್ಬೇಕು ಅಂತ ಈಗಿಲ್ಲ ಕಣಮ್ಮ" ಎಂದರು ಹನುಮಂತರಾಜು. "ಜಿಲ್ಲೆ ಒಳಗೆ ಯಾವ ಆಫೀಸಲ್ಲಾದ್ರೂ ಮಾಡಿಸ್ಬೋದು. ನೀವು ಒಂದು ಕಡೆ ಕಾಯ್ತಾ ಕೂತ್ರೆ ಅವರು ಇನ್ನೊಂದು ಕಡೆ ಮುಗಿಸ್ಕೊಂಡು ಹೋಗ್ತಾರೆ."

ಶಾರದಮ್ಮನವರು ಒಂದು ಗಳಿಗೆ ಯೋಚಿಸಿ ಮೂರು ಕಡೆ ಕಾವಲು ಎಂದು ಆಜ್ಞೆ ಮಾಡಿದರು. ಜಿಲ್ಲೆಯಲ್ಲಿ ಇನ್ನೂ ಹಲವು ಕಚೇರಿಗಳಿದ್ದವು, ಮನೆಯಲ್ಲಿ ಜನ ಮೂರೇ ಇದ್ದುದರಿಂದ ಮೂರೇ ಸಾಕೆಂದು ತೀರ್ಮಾನವಾಯಿತು. ತುಮಕೂರು ಶಾರದಮ್ಮನವರಿಗೆ. ಕೊಳ್ಳುವವರು ಕುಣಿಗಲ್ ಕಡೆಯವರಾದ್ದರಿಂದ ಅನುಮಾನವೆಲ್ಲ ಅಲ್ಲೇ ಹೆಚ್ಚು, ಆದ್ದರಿಂದ ಅದು ಚುರುಕಾದ ಮಗಳು ರಂಜನಿಗೆ, ಟೀಚರಾಗಿದ್ದ ಅವಳು ಶಾಲೆಗೆ ರಜೆ ಹಾಕಿದಳು. ಗುರುತಿನ ಜನ ಇರುವ ಗುಬ್ಬಿಗೆ ವಿಜಯೀಂದ್ರ ಖಂಡಿತ ಬರುವುದಿಲ್ಲ, ಆದ್ದರಿಂದ ಗುಬ್ಬಿ ಸೀತಾರಾಮಯ್ಯನವರಿಗೆ.

ಬೆಳಿಗ್ಗೆ ಶಾರದಮ್ಮನವರು ಗಂಡನ ಕೈಗೆ ಒಂದು ಫೈಲು ಕೊಟ್ಟರು. ಅದರಲ್ಲಿ ತಕರಾರು ಅರ್ಜಿ ಇತ್ತು.

"ವಿಜಿ ಬಂದ್ರೆ ಮಾತ್ರ ಇದನ್ನ ಒಳಗೆ ಕೊಡಿ. ಬರದೇ ಇದ್ರೆ ವಾಪಸ್ ತನ್ನಿ. ಸುಮ್ನೆ ಆಫೀಸಲ್ಲಿ ಅವನ ಹೆಸರು ಕೆಡೋದು ಬೇಡ. ಇನ್ನೊಂದು, ಗೇಟ್ ಮೇಲಿಂದ ಕಣ್ಣು ತೆಗೀಬೇಡಿ. ಯಾರು ಏನೇ ಮಾತಾಡಿಸ್ಲಿ, ಕಣ್ಣು ಗೇಟ್ ಮೇಲೇ ಇರ್ಬೇಕು."

"ನಾನೇನು ಸಣ್ಣ ಮಗೂನೇನೇ" ಎಂದು ಸೀತಾರಾಮಯ್ಯನವರು ಬಸ್ಸು ಹತ್ತಿದರು.

ಗುಬ್ಬಿಯ ನೋಂದಣಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಒಂದು ಬೆಂಚು ಹಿಡಿದು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಹತ್ತು ಗಂಟೆಗೆ ಕಾವಲು ಶುರು ಮಾಡಿದರು. ಬಾಮೈದ ಎದುರಿಗೆ ಬಂದರೆ ಏನು ಹೇಳುವುದು ಎಂದು ಹೊಳೆಯುತ್ತಿರಲಿಲ್ಲ. ಬರದಿದ್ದರೆ ಸಾಕು ದೇವರೇ ಎಂದು ಒಂದು ಸಲ, ಬಂದು ತನ್ನ ಕೈಗೇ ಸಿಕ್ಕಿದರೆ ಮನೆಯಲ್ಲಿ ಒಂದು ವರ್ಷ ಮರ್ಯಾದೆ ಸಿಗುತ್ತದೆ ಎಂದು ಇನ್ನೊಂದು ಸಲ ಅನ್ನಿಸುತ್ತಿತ್ತು. ಸ್ವಲ್ಪ ದೂರದಲ್ಲಿ ಕಪ್ಪು ಗಾಜು ಏರಿಸಿದ್ದ ಬಿಳಿ ಕಾರೊಂದು ನಿಂತಿತ್ತು. ಇಷ್ಟು ಸೆಕೆಯಲ್ಲಿ ಗಾಜು ಇಳಿಸದೆ ಕೂತಿರುವವನು ಯಾರಪ್ಪಾ ಪುಣ್ಯಾತ್ಮ ಎಂದು ಅವರು ಒಮ್ಮೆ ನೋಡಿ, ಕರ್ತವ್ಯ ನೆನಪಾಗಿ ಮತ್ತೆ ಗೇಟಿನ ಕಡೆ ತಿರುಗಿದರು. ಒಳಗೆ ಯಾರಿದ್ದರೆಂದು ಓದುವವರು ಊಹಿಸಿರಬಹುದು. ಸೀತಾರಾಮಯ್ಯನವರು ಊಹಿಸಲಿಲ್ಲ.

ಹನ್ನೊಂದಕ್ಕೆ ಕುಣಿಗಲ್‌ನಿಂದ ರಂಜನಿಯ ಫೋನು ಬಂತು.

"ಅಪ್ಪ, ಬೂದು ಶರ್ಟಿನವರು ಒಬ್ಬರು ಹೋಗ್ತಿದ್ರು, ಹಿಂದಿನಿಂದ ಥೇಟ್ ಮಾಮನ ಥರಾನೇ. ಓಡಿಹೋಗಿ ಕೈ ಹಿಡ್ಕೊಂಡು 'ನಾಚಿಕೆ ಆಗಲ್ವಾ ನಿಮಗೆ' ಅಂದೆ. ಯಾರೋ ಬೇರೆಯವರು. ಅವರ ಹೆಂಡ್ತಿ ಪಕ್ಕದಲ್ಲೇ ಇದ್ರು. ಈಗ ಅವರಿಬ್ಬರಿಗೂ ಜಗಳ ಆಗ್ತಿದೆ, ನಾನು ಜೆರಾಕ್ಸ್ ಅಂಗಡೀಲಿ ಬಚ್ಚಿಟ್ಕೊಂಡಿದೀನಿ."

"ಕಣ್ಣು ಗೇಟ್ ಮೇಲಿರಲಿ ಮಗಳೇ" ಎಂದು ಸೀತಾರಾಮಯ್ಯನವರು ಅನುಭವಸ್ಥರ ಧಾಟಿಯಲ್ಲಿ ಹೇಳಿದರು.

ಹನ್ನೆರಡೂವರೆ ಹೊತ್ತಿಗೆ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು ಹಾಕಿದ್ದ ವಯಸ್ಸಾದವರೊಬ್ಬರು ಬೆಂಚಿನ ಹತ್ತಿರ ಬಂದು ಕೈ ಮುಗಿದರು.

"ಸ್ವಾಮಿ, ಒಂದು ಉಪಕಾರ ಆಗ್ಬೇಕಿತ್ತು. ನಾನು ಚಿಕ್ಕಮಾರಯ್ಯ ಅಂತ, ಅಮೃತೂರು. ಒಂದು ತುಂಡು ಜಮೀನು ತಗಳಾನಾ ಅಂತ ಬಂದಿವ್ನಿ. ಸಾಕ್ಸಿಗೆ ಬರ್ಬೇಕಾದೋನು ಯಾರ್ದೋ ತಿಥಿ ಊಟಕ್ಕೆ ಹೋಗ್ಬುಟ್ಟವ್ನೆ. ತಮ್ಮಂಥ ದೊಡ್ಡೋರು ಒಂದು ಸೈನ್ ಹಾಕಿದ್ರೆ ನಮ್ಮ ಕೆಲ್ಸ ಆಯ್ತದೆ."

ಅಮೃತೂರು ಎಂದ ಕೂಡಲೇ ಸೀತಾರಾಮಯ್ಯನವರ ತಲೆಯಲ್ಲಿ ಏನೋ ಮಿಣುಕಿತು. ಅಮೃತೂರು ಕುಣಿಗಲ್ ತಾಲ್ಲೂಕು. ಕುಣಿಗಲ್ ತಾಲ್ಲೂಕು ರಂಜನಿಯ ವ್ಯಾಪ್ತಿಗೆ ಬರುತ್ತದೆ. ತಮ್ಮ ವ್ಯಾಪ್ತಿ ಗುಬ್ಬಿ. ಹಾಗಾಗಿ ಆ ವಿಚಾರ ಅಲ್ಲಿಗೇ ಮುಗಿಯಿತು.

"ಅಯ್ಯೋ, ಅದಕ್ಕೇನಂತೆ ಕೊಡಿ" ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೀತಾರಾಮಯ್ಯನವರು ಹೆಂಡತಿಯ ಮಾತನ್ನು ಆ ದಿನ ಪಾಲಿಸಿದಷ್ಟು ಕಟ್ಟುನಿಟ್ಟಾಗಿ ಯಾವತ್ತೂ ಪಾಲಿಸಿರಲಿಲ್ಲ. ತಕರಾರು ಅರ್ಜಿಯ ಫೈಲು ತೊಡೆಯ ಮೇಲಿತ್ತು. ಅದರ ಮೇಲೆಯೇ ಕ್ರಯಪತ್ರದ ಕೊನೇ ಹಾಳೆಯನ್ನಿಟ್ಟುಕೊಂಡರು. ಕಣ್ಣು ಗೇಟಿನಿಂದ ಒಂದಿಂಚೂ ಕದಲಲಿಲ್ಲ. ಕೈ ಮಾತ್ರ ಎಡ ಅಂಚಿನಿಂದ ಬಲ ಅಂಚಿಗೆ ತಾನಾಗಿ ಹೋಗಿ, ಹಿಂದಕ್ಕೆ ಬಂದು, ಎರಡು ಚುಕ್ಕಿ ಇಟ್ಟಿತು. ನೋಡದೆ ಹಾಕಿದರೂ ಒಂದು ಚುಕ್ಕಿ ತಪ್ಪಲಿಲ್ಲ.

"ಏನ್ ಸೈನು ಸ್ವಾಮಿ" ಎಂದು ಚಿಕ್ಕಮಾರಯ್ಯ ಬೆರಗಾದರು. ಅವರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ದೊಡ್ಡವರ ಎದುರಿಗೆ ಮಾತಾಡಬಾರದೆಂದು ಅವರು ಅದನ್ನು ಮೂರು ಸಲ ಕತ್ತರಿಸಿದರು. ಅತ್ತ ಬಿಳಿ ಕಾರು ನಿಂತಲ್ಲೇ ಸ್ವಲ್ಪ ಅಲ್ಲಾಡಿತು.

ಪತ್ರ ಬರೆದುಕೊಟ್ಟಿದ್ದ ಬಾಂಡ್ ರೈಟರ್ ಮುತ್ತುರಾಜ್ ಬಂದು ಸೀತಾರಾಮಯ್ಯನವರ ಆಧಾರ್ ಕಾರ್ಡು ಇಸಿದುಕೊಂಡ. "ಟೋಕನ್ ಕೂಗಿದಾಗ ಒಳಗೆ ಬನ್ನಿ ಸಾರ್. ಮಾರೋರನ್ನ ಬಲ್ಲೆ ಅಂತ ಒಂದು ಮಾತು ಹೇಳ್ಬೇಕು, ಅಷ್ಟೇ."

"ನಾನು ಬಲ್ಲೆ ಅಂತ ಹೇಗಪ್ಪ ಹೇಳ್ಲಿ? ಅವರ ಮುಖಾನೇ ನೋಡಿಲ್ವಲ್ಲ."

"ಒಳಗೆ ಬಂದಾಗ ನೋಡ್ತೀರಲ್ಲ ಸಾರ್. ನೋಡಿ, ನಮಸ್ಕಾರ ಅನ್ನಿ. ಆಮೇಲೆ ಬಲ್ಲೆ ಅಂದ್ರೆ ಸುಳ್ಳು ಹೇಗಾಗುತ್ತೆ?"

ಇದು ಸೀತಾರಾಮಯ್ಯನವರಿಗೆ ಸರಿಯೆನ್ನಿಸಿತು. ಆದರೆ ಗೇಟು ಬಿಟ್ಟು ಒಳಗೆ ಹೋಗುವುದು ಹೇಗೆ ಎನ್ನುವ ಚಿಂತೆ ಹತ್ತಿತು. ಟೋಕನ್ ಕೂಗುವವರೆಗೂ ಅವರು ಅದನ್ನೇ ಯೋಚಿಸಿ, ವಿಜಿ ಬಂದರೂ ಒಳಗೇ ಬರಬೇಕಲ್ಲವೇ, ತಾವು ಮುಂಚೆಯೇ ಒಳಗಿದ್ದರೆ ಇನ್ನೂ ಒಳ್ಳೆಯದೇ ಎಂದು ಸಮಾಧಾನ ಮಾಡಿಕೊಂಡು ಎದ್ದರು.

ಒಳಗೆ ಕನ್ನಡಕದ ಅಧಿಕಾರಿ ಮೇಡಂ ಕೂತಿದ್ದರು. ಚಿಕ್ಕಮಾರಯ್ಯ ಕ್ಯಾಮೆರಾದ ಎದುರಿನ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಒತ್ತಿ ಎದ್ದರು. "ಮಾರೋರು ಎಲ್ಲಿ?" ಎಂದರು ಮೇಡಂ. ಬಾಗಿಲಲ್ಲಿ ಬೂದು ಶರ್ಟು ಕಾಣಿಸಿತು. ಟೋಕನ್ ಕೂಗಿದ ಮೇಲೆ ಬೇರೆ ದಾರಿ ಕಾಣದೆ, ಕರ್ಚೀಫಿನಿಂದ ಅರ್ಧ ಮುಖ ಮುಚ್ಚಿಕೊಂಡು, ನುಣ್ಣಗೆ ಕ್ಷೌರ ಮಾಡಿಸಿಕೊಂಡಿದ್ದ ವಿಜಯೀಂದ್ರ ಒಳಗೆ ಬಂದ. ಕಾರಿನಲ್ಲಿ ಮೂರು ಗಂಟೆ ಬೆಂದು ಶರ್ಟು ಬೆನ್ನಿಗೆ ಅಂಟಿತ್ತು.

"ಭಾವ" ಎಂದು ಅವನು ಅಲ್ಲೇ ನಿಂತ.

ಸೀತಾರಾಮಯ್ಯನವರಿಗೆ ಮೊದಲು ಆದದ್ದು ಸಂತೋಷ. ಮೂರು ಕಚೇರಿ ಕಾದು, ಕೊನೆಗೆ ಹಿಡಿದದ್ದು ತಾನು. ಅವರು ಕುರ್ಚಿಯಿಂದ ಎದ್ದು ಫೈಲನ್ನು ಮೇಡಂ ಮೇಜಿನ ಮೇಲಿಟ್ಟರು.

"ಮೇಡಂ, ಇವನು ಯಾವುದೋ ಜಮೀನಿನ ಪತ್ರ ಮಾಡಿಸೋಕೆ ಬಂದಿದಾನೆ. ಅದು ನನ್ನ ಹೆಂಡ್ತಿಗೆ ಸೇರಬೇಕಾದ್ದು. ಅದನ್ನ ತಡೀಬೇಕು ಮೇಡಂ."

"ಯಾವ ಪತ್ರ?"

"ಅದೇ ಗೊತ್ತಿಲ್ಲ, ಹುಡುಕಬೇಕು. ಇಲ್ಲೇ ಎಲ್ಲೋ ಇರುತ್ತೆ."

ಮೇಡಂ ತಮ್ಮ ಕೈಯಲ್ಲಿದ್ದ ಕ್ರಯಪತ್ರದ ಕೊನೇ ಹಾಳೆಯನ್ನು ಅವರ ಕಡೆ ತಿರುಗಿಸಿದರು. "ಇದೇನಾ ನೋಡಿ. ಚೇಳೂರು, ಅರ್ಧ ಎಕರೆ, ಬಾವಿ ಸಮೇತ. ಇಲ್ಲಿ ಒಂದನೇ ಸಾಕ್ಷಿ ಅಂತ ಹಾಕಿರೋದು ಯಾರು?"

ಎಡ ಅಂಚಿನಿಂದ ಬಲ ಅಂಚಿನವರೆಗೆ, ಎರಡು ಸುತ್ತು, ಒಂದು ಗೆರೆ, ಎರಡು ಚುಕ್ಕಿ. ಸೀತಾರಾಮಯ್ಯನವರು ಅದನ್ನು ನೋಡಿದರು. ಮತ್ತೆ ಕುರ್ಚಿಯಲ್ಲಿ ಕೂತರು. ಇಪ್ಪತ್ತೊಂಬತ್ತು ವರ್ಷದ ಸಂಸಾರ ಅವರ ಕಣ್ಣ ಮುಂದೆ ಮೆಲ್ಲಗೆ ಹಾದುಹೋಯಿತು, ಅದರಲ್ಲಿ ಬಹುಪಾಲು ಶಾರದಮ್ಮನವರು ಮಾತಾಡುತ್ತಿದ್ದರು.

"ಒಂದು ಕೈಯಲ್ಲಿ ಸಾಕ್ಷಿ, ಇನ್ನೊಂದು ಕೈಯಲ್ಲಿ ತಕರಾರು. ನಾನು ಯಾವುದನ್ನ ತಗೊಳ್ಳಲಿ?" ಎಂದರು ಮೇಡಂ.

ಮುತ್ತುರಾಜ್ ಮುಂದೆ ಬಂದ. "ಕೋರ್ಟಿಂದ ತಡೆ ಇಲ್ದೆ ಬರೀ ಅರ್ಜಿಗೆ ನಿಲ್ಸೋ ಹಾಗಿಲ್ವಲ್ಲ ಮೇಡಂ."

"ತಡೆ ಆದೇಶ ಇದೆಯಾ?" ಎಂದು ಮೇಡಂ ಕೇಳಿದರು.

ಇರಲಿಲ್ಲ. ಇಂಥದ್ದೊಂದು ಬೇಕೆಂದು ಹನುಮಂತರಾಜು ಅವರ ಹಿಂದಿನ ಸೀಟಿನಲ್ಲಿ ಯಾವ ಸಾಹೇಬರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮೇಡಂ ಫೈಲನ್ನು ಪಕ್ಕಕ್ಕಿಟ್ಟರು. ವಿಜಯೀಂದ್ರ ಭಾವನ ಕಡೆ ನೋಡದೆ ಕುರ್ಚಿಯಲ್ಲಿ ಕೂತ. ಫೋಟೋ ಆಯಿತು. ಹೆಬ್ಬೆಟ್ಟೂ ಆಯಿತು. ಹೆಂಡತಿಯ ಬಾವಿ, ಹೆಂಡತಿಯ ಇಪ್ಪತ್ತೆರಡು ಮರ, ತನ್ನ ಕಣ್ಣೆದುರಿಗೆ, ತನ್ನದೇ ಸಾಕ್ಷಿಯಲ್ಲಿ ಕೈಬಿಟ್ಟು ಹೋಗುತ್ತಿರುವುದನ್ನು ನೋಡುತ್ತ ಸೀತಾರಾಮಯ್ಯನವರು ಕೂತಿದ್ದರು.

ಮೇಡಂ ಪತ್ರ ಓದತೊಡಗಿದರು. "ಈ ಸ್ವತ್ತು ನನ್ನ ತಂದೆಯಿಂದ ನನಗೆ ಬಂದಿರುತ್ತದೆ. ನಾನು ನನ್ನ ತಂದೆಗೆ ಒಬ್ಬನೇ ಮಗನಾಗಿದ್ದು, ನನಗೆ ಅಕ್ಕತಂಗಿಯರಾಗಲಿ ಅಣ್ಣತಮ್ಮಂದಿರಾಗಲಿ ಯಾರೂ ಇರುವುದಿಲ್ಲ. ಇದು ಸರೀನಾ?"

ವಿಜಯೀಂದ್ರ ಮೇಜಿನ ಕಾಲು ನೋಡುತ್ತ, "ಸರಿ ಮೇಡಂ" ಎಂದ.

"ಸಾಕ್ಷಿ, ನೀವು ಇವರನ್ನ ಬಲ್ಲಿರಾ?"

ಆ ಬೇವಿನ ಮರದ ಕೆಳಗೆ ಸಿಕ್ಕಿದ ಸಾಕ್ಷಿಗಳಲ್ಲಿ ಮಾರುವವರನ್ನು ನಿಜವಾಗಿ ಬಲ್ಲವರು ಸೀತಾರಾಮಯ್ಯನವರೊಬ್ಬರೇ ಇರಬೇಕು. ಅವರು ಎದ್ದು ನಿಂತರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಬಲ್ಲೆ ಮೇಡಂ. ಚೆನ್ನಾಗಿ ಬಲ್ಲೆ. ಇವನು ಹೈಸ್ಕೂಲಲ್ಲಿ ಇದ್ದಾಗಿಂದ ಬಲ್ಲೆ. ಇವನ ಅಕ್ಕನ್ನೇ ನಾನು ಮದುವೆ ಆಗಿರೋದು."

ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕ ಇಲ್ಲ ಅಂತ ಇಲ್ಲಿ ಬರೆದಿದೆ. ಇವರೂ ಒಪ್ಕೊಂಡಿದಾರೆ. ನೀವೇ ಸಾಕ್ಷಿ ಹಾಕಿದೀರಿ."

"ಹೌದು ಮೇಡಂ, ಹಾಕಿದೀನಿ. ಆದ್ರೆ ಅಕ್ಕ ಇದಾರೆ. ಈಗ ಫೋನ್ ಮಾಡ್ತಿರೋದೂ ಅವರೇ."

"ಸ್ಪೀಕರ್ ಹಾಕಿ."

ಸೀತಾರಾಮಯ್ಯನವರು ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. ತುಮಕೂರಿನಿಂದ ಶಾರದಮ್ಮನವರ ದನಿ ಕೋಣೆಯ ತುಂಬ ಕೇಳಿಸಿತು.

"ರೀ, ಸಾಕು, ಮನೆಗೆ ಹೊರಟುಬಿಡಿ. ಇಲ್ಲೂ ಬರಲಿಲ್ಲ, ಕುಣಿಗಲ್‌ಗೂ ಬರಲಿಲ್ಲ. ಕೂತು ಕೂತು ಯೋಚನೆ ಮಾಡ್ದೆ ಕಣ್ರೀ. ನಾನೇ ಸುಮ್ನೆ ಅನುಮಾನಪಟ್ಟೆ. ಅವನು ಹಾಗೆಲ್ಲ ಮಾಡೋನಲ್ಲ. ಎತ್ತಿ ಆಡಿಸಿದ ಮಗು ಅದು. ಏನೋ ಕಷ್ಟ ಬಂದಿರ್ಬೇಕು, ನನ್ನ ಹತ್ರ ಹೇಳ್ಕೊಳೋಕೆ ಸಂಕೋಚ. ಆ ಅರ್ಜಿ ಹರಿದು ಹಾಕಿ. ಯಾರ ಕಣ್ಣಿಗೂ ಬೀಳೋದು ಬೇಡ. ರೀ, ಕೇಳಿಸ್ತಾ?"

ಚಿಕ್ಕಮಾರಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮುತ್ತುರಾಜ್ ಗೋಡೆಯ ಮೇಲಿನ ಶುಲ್ಕದ ಪಟ್ಟಿಯನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡತೊಡಗಿದ.

"ಈಗ ಮಾತಾಡಿದ್ದು ಯಾರು?" ಎಂದು ಮೇಡಂ ವಿಜಯೀಂದ್ರನನ್ನು ಕೇಳಿದರು.

ವಿಜಯೀಂದ್ರ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

"ನಮ್ಮಕ್ಕ ಮೇಡಂ" ಎಂದ.

"ಅರ್ಜಿ ಮೇಲೆ ನಾನು ನಿಲ್ಸೋ ಹಾಗಿರಲಿಲ್ಲ. ಪತ್ರಕ್ಕೆ ಸಾಕ್ಷಿ ಹಾಕಿದೋರೇ ಇದು ಸುಳ್ಳು ಅಂದು, ಬರೆದುಕೊಟ್ಟೋರೇ ಒಪ್ಕೊಂಡ ಮೇಲೆ ಇದು ಮುಂದಕ್ಕೆ ಹೋಗಲ್ಲ" ಎಂದು ಮೇಡಂ ಪತ್ರವನ್ನು ವಾಪಸ್ಸು ತಳ್ಳಿದರು. ಆಮೇಲೆ ಕನ್ನಡಕದ ಮೇಲಿನಿಂದ ಸೀತಾರಾಮಯ್ಯನವರನ್ನು ನೋಡಿ, "ನೀವು ಓದದೇ ಹಾಕಿದ್ದು ದೊಡ್ಡ ತಪ್ಪು. ಹಾಕದೇ ಇದ್ದಿದ್ರೆ ನಿಮ್ಮನ್ನ ನಾನು ಏನೂ ಕೇಳ್ತಿರಲಿಲ್ಲ. ಹೋಗಿ" ಎಂದರು.

ಹೊರಗೆ ಬಂದಾಗ ಚಿಕ್ಕಮಾರಯ್ಯ, "ಅಕ್ಕನ ಕಣ್ಣೀರು ಬೀಳೋ ಜಮೀನು ನಂಗೆ ಬ್ಯಾಡ ಬುಡಿ" ಎಂದು ವಿಜಯೀಂದ್ರನಿಗೆ ಹೇಳಿ, ಸೀತಾರಾಮಯ್ಯನವರಿಗೆ ಮತ್ತೊಮ್ಮೆ ಕೈ ಮುಗಿದು, ಬಸ್ಸು ಹುಡುಕಿಕೊಂಡು ಹೋದರು.

ಬಿಳಿ ಕಾರು ಭಾವ, ಬಾಮೈದ ಇಬ್ಬರನ್ನೂ ಕೂರಿಸಿಕೊಂಡು ಶೆಟ್ಟಿಹಳ್ಳಿಯ ಕಡೆ ಹೊರಟಿತು.

"ಭಾವ, ಅಕ್ಕನ ಹೆಸರಿದ್ರೆ ಅವಳ ಸೈನೂ ಬೇಕಾಗುತ್ತೆ ಅಂದ ಮುತ್ತುರಾಜ್. ಕೇಳೋಕೆ ಮುಖ ಇರಲಿಲ್ಲ. ಅಕ್ಕ ಇಲ್ಲ ಅಂತ ಬರೆಸಿಬಿಟ್ಟೆ. ಅದೊಂದು ಅವಳಿಗೆ ಹೇಳಬೇಡಿ" ಎಂದ ವಿಜಯೀಂದ್ರ.

"ನಾನು ಸಾಕ್ಷಿ ಹಾಕಿದ್ದು ನೀನೂ ಹೇಳಬೇಡ" ಎಂದರು ಸೀತಾರಾಮಯ್ಯ.

ಒಪ್ಪಂದವಾಯಿತು. ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲ. ಪತ್ರವನ್ನು ಎಲ್ಲಾದರೂ ಬಿಸಾಡಬೇಕೆಂದು ಮಾತ್ರ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾರು ನಿಂತಾಗ ಅದು ಹಿಂದಿನ ಸೀಟಿನ ಮೇಲೆ ತೆರೆದುಕೊಂಡೇ ಬಿದ್ದಿತ್ತು, ಶಾರದ‌ಮ್ಮನವರು ತಮ್ಮ ಬಂದನೆಂದು ಓಡಿಬಂದು ತೆಗೆದದ್ದು ಹಿಂದಿನ ಬಾಗಿಲನ್ನೇ.

ಅವರು ಗೇಟಿನಲ್ಲಿ ನಿಂತು ಪತ್ರವನ್ನು ಮೊದಲ ಹಾಳೆಯಿಂದ ಓದಿದರು. ಅವರು ಓದುವ ಜಾತಿಯವರು, ಒಂದು ಸಾಲೂ ಬಿಡಲಿಲ್ಲ. ಕುಣಿಗಲ್‌ನಿಂದ ಅಷ್ಟರಲ್ಲೇ ಬಂದಿದ್ದ ರಂಜನಿ ಮೆಟ್ಟಿಲ ಮೇಲೆ ನಿಂತಿದ್ದಳು. ಕಾಂಪೌಂಡಿನ ಆಚೆಯಿಂದ ಹನುಮಂತರಾಜು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಒಂದೇ ಗಿಡಕ್ಕೆ ಮೂರು ಬಕೆಟ್ ಸುರಿದರು. ಒಡಹುಟ್ಟಿದವರ ಸಾಲು ಬಂದಾಗ ಶಾರದಮ್ಮನವರ ತುಟಿ ಅದುರಿತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಕ್ಕೆ ಓದಿದರು. ಕೊನೇ ಹಾಳೆಗೆ ಬಂದಾಗ ಕಣ್ಣು ತಾನಾಗಿ ಒಣಗಿತು.

"ಸೋಮವಾರ ಬಾವಿ ಜಮೀನು ನನ್ನ ಹೆಸರಿಗೆ ಬರೆದುಕೊಡ್ತೀನಿ ಅಕ್ಕ" ಎಂದ ವಿಜಯೀಂದ್ರ. ನಿನ್ನ ಹೆಸರಿಗೆ ಎನ್ನಲು ಹೋಗಿ ಗಲಿಬಿಲಿಯಲ್ಲಿ ನನ್ನ ಹೆಸರಿಗೆ ಎಂದುಬಿಟ್ಟಿದ್ದ.

"ಬರೆದುಕೊಡು. ಏನು ಕಷ್ಟ ಅಂತ ಆಮೇಲೆ ಹೇಳುವಂತೆ. ಮೊದಲು ಒಳಗೆ ಬಾ, ಮುಖ ಬಾಡಿ ಹೋಗಿದೆ. ಅನ್ನಕ್ಕಿಡ್ತೀನಿ."

ವಿಜಯೀಂದ್ರ ಮೆಟ್ಟಿಲು ಹತ್ತಿದ. ಅವನ ಹಿಂದೆಯೇ ಸೀತಾರಾಮಯ್ಯನವರೂ ಚಪ್ಪಲಿ ಬಿಟ್ಟು ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ಶಾರದಮ್ಮನವರು ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಯಾರು ನೀವು? ನನಗೆ ಗಂಡ ಅಂತ ಯಾರೂ ಇರುವುದಿಲ್ಲ" ಎಂದು ಹೇಳಿ ತಮ್ಮನ ಕಡೆ ತಿರುಗಿದರು. "ಇವರನ್ನ ನೀನು ಬಲ್ಲೆಯೇನೋ ವಿಜಿ?"

ವಿಜಯೀಂದ್ರ ಭಾವನನ್ನು ನೋಡಿದ. ಅಕ್ಕನನ್ನು ನೋಡಿದ. ಅಡುಗೆಮನೆಯಿಂದ ಸಾರಿನ ವಾಸನೆ ಬರುತ್ತಿತ್ತು.

"ಇಲ್ಲಕ್ಕ" ಎಂದ. "ಇವತ್ತೇ ನೋಡ್ತಿರೋದು."